ಉಲ್ಟಿ ಹೊರಡುವ ಬಾಗಿಲು

ಏಪ್ರಿಲ್ ಬಂತೆಂದರೆ ಕಲಬುರಗಿ ಸುತ್ತಲಿನ ದವಾಖಾನೆಗಳಲ್ಲಿ ಒಂದೇ ಮಾತು ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ: “ರಾತ್ರಿಯಿಂದ ಕೂಸು ಉಲ್ಟಿ ಮಾಡ್ಲಾಕತ್ತದ್ರಿ, ನೀರು ಕುಡಿಸಿದ್ರೂ ನಿಲ್ಲವಲ್ದು. ಒಂದು ಸಲಾಯಿನ್ ಹಚ್ರಿ ಸಾಹೇಬ್ರ.” ಡಾಕ್ಟರು ಸಲಾಯಿನ್ ಹಚ್ಚದೆ, ಕೂಸಿನ ನಾಲಿಗೆ ಮೇಲೆ ಅರ್ಧ ಗುಳಿಗೆ ಇಟ್ಟು, ಸ್ವಲ್ಪ ಹೊತ್ತು ಬಿಟ್ಟು ಚಮಚದಲ್ಲಿ ಓಆರ್‌ಎಸ್ ಕುಡಿಸಿರಿ ಎಂದರೆ ಜೊತೆಗೆ ಬಂದ ಅಜ್ಜಿಗೆ ಸಮಾಧಾನ ಆಗುವುದಿಲ್ಲ.

ನಾಲಿಗೆ ಮೇಲೆ ಕರಗುವ ಆ ಗುಳಿಗೆ ಒಂಡನ್ಸೆಟ್ರಾನ್. ಅದು ಹೊಟ್ಟೆಯೊಳಗಿನ ರೋಗಾಣುವನ್ನು ಕೊಲ್ಲುವುದಿಲ್ಲ, ಆಮ್ಲವನ್ನೂ ಇಳಿಸುವುದಿಲ್ಲ. ನರದ ತುದಿಯಲ್ಲಿರುವ ಒಂದು ಅತಿ ಸಣ್ಣ ಬಾಗಿಲನ್ನು ಮುಚ್ಚುತ್ತದೆ, ಅಷ್ಟೇ. ಆ ಬಾಗಿಲಿಗೆ 5-ಎಚ್‌ಟಿ3 ಗ್ರಾಹಕ ಎಂದು ಹೆಸರು; ಅದನ್ನು ತೆರೆಯುವ ಕೀಲಿ ಸೆರೊಟೋನಿನ್ (5-ಎಚ್‌ಟಿ) ಎಂಬ ರಸಾಯನಿಕ. ಎಲ್ಲ ಉಲ್ಟಿಯೂ ಈ ಬಾಗಿಲಿನಿಂದ ಹಾದು ಬರುವುದಿಲ್ಲ. ಒಬ್ಬರಿಗೆ ಅಮೃತದಂತೆ ನಾಟಿದ ಗುಳಿಗೆ ಇನ್ನೊಬ್ಬರಿಗೆ ಏನೂ ಮಾಡದಿರಲು ಮುಖ್ಯ ಕಾರಣ ಇದು.

ಸೆರೊಟೋನಿನ್ ಅಂದರೆ ಮನಸ್ಸಿನ ಖುಷಿಯ ರಸಾಯನಿಕ ಎಂದು ಮೊಬೈಲಿನಲ್ಲಿ ಓದಿದವರೇ ಹೆಚ್ಚು. ಆದರೆ ದೇಹದ ಸೆರೊಟೋನಿನ್‌ನಲ್ಲಿ ಶೇ 90ಕ್ಕಿಂತ ಹೆಚ್ಚು ಇರುವುದು ಕರುಳಿನಲ್ಲಿ. ಇಟಲಿಯ ವಿಟ್ಟೋರಿಯೊ ಎರ್ಸ್ಪಾಮರ್ 1930ರ ದಶಕದಲ್ಲಿ ಇದನ್ನು ಮೊದಲು ಗುರುತಿಸಿದ್ದೂ ಕರುಳಿನ ಒಳಪದರದಲ್ಲೇ. ಆತ ಇಟ್ಟ ಹೆಸರು ಎಂಟೆರಮೈನ್. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರ್‍ಯಾಪೋರ್ಟ್, ಗ್ರೀನ್ ಮತ್ತು ಪೇಜ್ ರಕ್ತದ ಸೀರಮ್ಮಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ ಸೆರೊಟೋನಿನ್ ಎಂದು ಕರೆದರು. ಎರಡೂ ಒಂದೇ ಎಂದು ಆಮೇಲೆ ತಿಳಿಯಿತು. ಮಿದುಳಿನಲ್ಲೂ ಇದೆ ಎಂಬ ಸುದ್ದಿ ಬಂದದ್ದು 1953ರಲ್ಲಿ, ಎಲ್ಲಕ್ಕಿಂತ ಕೊನೆಗೆ.

ಕರುಳಿನ ಒಳಗೋಡೆಯಲ್ಲಿ ಸಾಮಾನ್ಯ ಜೀವಕೋಶಗಳ ನಡುನಡುವೆ ಎಂಟೆರೊಕ್ರೊಮಾಫಿನ್ ಎಂಬ ಕೋಶಗಳು ಕಾವಲುಗಾರರಂತೆ ಕೂತಿರುತ್ತವೆ. ವಿಷವೋ ವೈರಾಣುವೋ ತಾಗಿದರೆ ತಮ್ಮಲ್ಲಿ ಕೂಡಿಟ್ಟ ಸೆರೊಟೋನಿನ್ ಅನ್ನು ಹೊರಚೆಲ್ಲುತ್ತವೆ. ಪಕ್ಕದಲ್ಲೇ ಹೊಟ್ಟೆಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ವೇಗಸ್ ನರದ ತುದಿಗಳಿವೆ, ಅವುಗಳ ಮೇಲೆ ನಮ್ಮ ಬಾಗಿಲಿದೆ. ಸೆರೊಟೋನಿನ್ ಬಂದು ಕೂತ ಕೂಡಲೇ ಬಾಗಿಲು ತೆರೆದು ಸೋಡಿಯಂ ಒಳನುಗ್ಗುತ್ತದೆ, ನರ ಚುರುಕಾಗುತ್ತದೆ, ಸುದ್ದಿ ಮಿದುಳಿನ ಬುಡಕ್ಕೆ ಮುಟ್ಟುತ್ತದೆ. ಅಲ್ಲಿಂದ ಹೊಟ್ಟೆಯ ಸ್ನಾಯು, ವಪೆ, ಅನ್ನನಾಳಕ್ಕೆ ಆಜ್ಞೆ ಹೊರಟು, ತಿಂದದ್ದೆಲ್ಲ ಹೊರಗೆ.

ಸೆರೊಟೋನಿನ್ ಗ್ರಾಹಕಗಳಲ್ಲಿ ಏಳು ಕುಟುಂಬಗಳಿವೆ. ಆರು ಕುಟುಂಬಗಳದು ನಿಧಾನದ ಕೆಲಸ: ಸಂದೇಶ ಬಂದರೆ ಕೋಶದೊಳಗೆ ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ ಕೆಲಸ ಆಗಬೇಕು. 5-ಎಚ್‌ಟಿ3 ಒಂದೇ ನಿಜವಾದ ಬಾಗಿಲು. ಐದು ಪ್ರೋಟೀನ್ ತುಂಡುಗಳು ದುಂಡಗೆ ಸೇರಿ, ನಡುವೆ ಒಂದು ತೂತು. ಮಿಲಿಸೆಕೆಂಡುಗಳಲ್ಲಿ ತೆರೆಯುತ್ತದೆ. ಕೆಟ್ಟದ್ದು ಹೊಟ್ಟೆಗೆ ಬಿದ್ದಾಗ ಕಚೇರಿಯ ಕಡತದಂತೆ ಮೇಜಿನಿಂದ ಮೇಜಿಗೆ ತಿರುಗುತ್ತಾ ಕೂತರೆ ಆಗುವುದಿಲ್ಲವಲ್ಲ.

ಚಿಕ್ಕ ಮಕ್ಕಳ ವಾಂತಿ-ಭೇದಿಗೆ ದೊಡ್ಡ ಕಾರಣ ರೋಟಾವೈರಸ್. ಈ ವೈರಾಣು ಸೇರಿಕೊಂಡ ಕೋಶಗಳಿಂದ ಹೊರಬರುವ ಎನ್‌ಎಸ್‌ಪಿ4 ಎಂಬ ಪ್ರೋಟೀನು ಕಾವಲು ಕೋಶಗಳನ್ನು ಕೆರಳಿಸಿ ಸೆರೊಟೋನಿನ್ ಚೆಲ್ಲಿಸುತ್ತದೆ. ಅಂದರೆ ಕೂಸಿನ ಉಲ್ಟಿ ನೇರವಾಗಿ ನಮ್ಮ ಬಾಗಿಲಿನಿಂದಲೇ ಬರುತ್ತಿದೆ. ಗುಳಿಗೆ ಇಲ್ಲಿ ಹಿಡಿಯಬೇಕು, ಹಿಡಿಯುತ್ತದೆ. 2006ರಲ್ಲಿ ಅಮೆರಿಕದಲ್ಲಿ 215 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಬರೀ ಹುಸಿ ಗುಳಿಗೆ ಪಡೆದವರಲ್ಲಿ ಶೇ 35 ಮಕ್ಕಳು ಮತ್ತೆ ಉಲ್ಟಿ ಮಾಡಿದರು, ಒಂಡನ್ಸೆಟ್ರಾನ್ ಪಡೆದವರಲ್ಲಿ ಶೇ 14. ಸಲಾಯಿನ್ ಬೇಕಾದವರು ಶೇ 31ರಿಂದ 14ಕ್ಕೆ ಇಳಿದರು. (ರೋಟಾವೈರಸ್ ಲಸಿಕೆ 2016ರಿಂದ ದೇಶದ ಲಸಿಕಾ ಕಾರ್ಯಕ್ರಮದಲ್ಲಿದೆ, 6, 10, 14ನೇ ವಾರಕ್ಕೆ ಬಾಯಿಗೆ ಹಾಕಿಸಬೇಕು.)

ಲೆಕ್ಕ ಹೀಗಿದೆ. ಆರು ತಿಂಗಳು ದಾಟಿದ, 8ರಿಂದ 15 ಕಿಲೋ ತೂಕದ ಕೂಸಿಗೆ 2 ಮಿಲಿಗ್ರಾಂ, 15ರಿಂದ 30 ಕಿಲೋ ಇದ್ದರೆ 4, ಅದಕ್ಕೂ ಹೆಚ್ಚಿದ್ದರೆ 8. ಒಂದೇ ಸಲ. ಸಿರಪ್ಪಿನಲ್ಲಿ 5 ಮಿಲಿಗೆ 2 ಮಿಲಿಗ್ರಾಂ ಇರುತ್ತದೆ. ಬಾಟಲಿ ಮೇಲೆ ಓದಿ ಖಾತ್ರಿ ಮಾಡಿಕೊಳ್ಳಬೇಕು. ಕೂಸನ್ನು ನೋಡಿ ಪ್ರಮಾಣ ಹೇಳುವುದು ಡಾಕ್ಟರ ಕೆಲಸ, ಮೆಡಿಕಲ್ ಅಂಗಡಿಯವರದಲ್ಲ. ಕೊಟ್ಟ 15 ನಿಮಿಷದೊಳಗೆ ಕಕ್ಕಿಬಿಟ್ಟರೆ ಇನ್ನೊಮ್ಮೆ ಕೊಡಬಹುದು. ಆಮೇಲೆ 15–30 ನಿಮಿಷ ಏನೂ ಕುಡಿಸದೆ ಬಿಡಬೇಕು.

ಎಡವಟ್ಟು ಆಗುವುದು ಇದರ ನಂತರ. ಬಾಯಾರಿದ ಕೂಸು ಲೋಟ ಹಿಡಿದು ಗಟಗಟ ಕುಡಿಯುತ್ತದೆ, ಹೊಟ್ಟೆ ಉಬ್ಬಿ ಮತ್ತೆ ಕಕ್ಕುತ್ತದೆ, “ಗುಳಿಗಿ ಹತ್ತಲಿಲ್ಲ” ಎಂಬ ತೀರ್ಪು ಬರುತ್ತದೆ. ಚಹಾ ಚಮಚ ಅಂದರೆ 5 ಮಿಲಿ. ನಿಮಿಷಕ್ಕೊಂದು ಚಮಚ ಕುಡಿಸಿದರೆ ತಾಸಿಗೆ 300 ಮಿಲಿ. ಸ್ವಲ್ಪ ನೀರು ಕಳಕೊಂಡ ಹತ್ತು ಕಿಲೋ ಕೂಸಿಗೆ ನಾಲ್ಕು ತಾಸಿನಲ್ಲಿ ಬೇಕಾದ್ದು ಕಿಲೋಗೆ 75 ಮಿಲಿಯಂತೆ 750 ಮಿಲಿ. ಎರಡೂವರೆ ತಾಸಿಗೇ ಚಮಚ ಆ ಲೆಕ್ಕ ಮುಗಿಸುತ್ತದೆ. ಅಜ್ಜಿಯ ಕೈಯಲ್ಲಿರುವ ಚಮಚವೇ ಸಲಾಯಿನ್. ವ್ಯತ್ಯಾಸ ಏನೆಂದರೆ ಬರೀ ನಾರ್ಮಲ್ ಸಲಾಯಿನ್‌ನಲ್ಲಿ ಪೊಟ್ಯಾಸಿಯಂ ಇಲ್ಲ, ಗ್ಲೂಕೋಸ್ ಇಲ್ಲ, ಓಆರ್‌ಎಸ್‌ನಲ್ಲಿ ಎರಡೂ ಇವೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣ, ಅಂದಾಜು ನೀರು ಎಂಬ ವ್ಯವಹಾರ ಬೇಡ: ಗಟ್ಟಿಯಾದರೆ ಭೇದಿ ಹೆಚ್ಚುತ್ತದೆ, ತೆಳುವಾದರೆ ಉಪ್ಪು ಸಾಲದು. ಕಲಸಿದ್ದನ್ನು 24 ತಾಸಿನ ಮೇಲೆ ಚೆಲ್ಲಬೇಕು. ಬಣ್ಣಬಣ್ಣದ ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪೇಯಗಳು ಓಆರ್‌ಎಸ್ ಅಲ್ಲ, ಸಕ್ಕರೆ ನೀರು. ಜೊತೆಗೆ ಸತುವಿನ ಗುಳಿಗೆ, ಆರು ತಿಂಗಳು ದಾಟಿದ ಕೂಸಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ.

ಗುಳಿಗೆ ಕೊಟ್ಟ ಮೇಲೆ ಭೇದಿ ಒಂದೆರಡು ಸಲ ಹೆಚ್ಚಾಗಬಹುದು, ಹೆದರಬೇಕಿಲ್ಲ. ಹೆದರಬೇಕಾದ್ದು ಬೇರೆ. ಉಲ್ಟಿ ಹಸಿರು ಬಣ್ಣದ್ದಾದರೆ, ಹೊಟ್ಟೆ ಬಿಗಿದು ಉಬ್ಬಿದ್ದರೆ, ಸಂಡಾಸದಲ್ಲಿ ರಕ್ತ ಕಂಡರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಕಕ್ಕುತ್ತಿದ್ದರೆ ಒಂಡನ್ಸೆಟ್ರಾನ್ ಕೊಟ್ಟು ಮನೆಯಲ್ಲಿ ಕೂರುವುದು ತಪ್ಪು; ಕರುಳು ಕಟ್ಟಿಕೊಂಡದ್ದನ್ನೋ ತಲೆಯೊಳಗಿನ ಒತ್ತಡವನ್ನೋ ಅದು ಮರೆಮಾಡಬಲ್ಲದು. ಇನ್ನೊಂದು ಮಾತು ಹೃದಯದ್ದು. ಈ ಔಷಧಿ ಇಸಿಜಿಯ ಕ್ಯೂಟಿ ಅಂತರವನ್ನು (ಒಂದೊಂದು ಬಡಿತಕ್ಕೂ ಹೃದಯದ ವಿದ್ಯುತ್ ಏರಿ ಇಳಿಯಲು ಹಿಡಿಯುವ ಹೊತ್ತನ್ನು) ಉದ್ದ ಮಾಡುತ್ತದೆ. 32 ಮಿಲಿಗ್ರಾಂ ಒಂದೇ ಸಲ ರಕ್ತನಾಳಕ್ಕೆ ಕೊಡುವ ಪದ್ಧತಿಯನ್ನು ಅಮೆರಿಕ 2012ರಲ್ಲಿ ಕೈಬಿಟ್ಟದ್ದು ಇದಕ್ಕೇ. ನಮ್ಮಲ್ಲಿ ಭೇದಿ ಅಂದ ಕೂಡಲೇ ಚೀಟಿಯಲ್ಲಿ ಓಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಬೀಳುವುದುಂಟು. ಅದೂ ಕ್ಯೂಟಿ ಉದ್ದ ಮಾಡುವ ಔಷಧಿ. ಭೇದಿಯಿಂದ ಪೊಟ್ಯಾಸಿಯಂ ಸೋರಿಹೋದ, ಮೊದಲೇ ಹೃದಯ ತೊಂದರೆ ಇರುವ ಹಿರಿಯರಿಗೆ ಇವೆರಡೂ ಸೇರಿದರೆ ಲಯ ತಪ್ಪಬಹುದು. ವೈರಾಣುವಿನ ಭೇದಿಗೆ ಆ್ಯಂಟಿಬಯೋಟಿಕ್ ಬೇಕೇ ಆಗಿರುವುದಿಲ್ಲ ಎಂಬುದು ಬೇರೆ ಜಗಳ.

ಒಂಡನ್ಸೆಟ್ರಾನ್ ಮೂಲತಃ ಹುಟ್ಟಿದ್ದು ಕ್ಯಾನ್ಸರ್ ರೋಗಿಗಳಿಗಾಗಿ. ಸಿಸ್‌ಪ್ಲಾಟಿನ್ ಎಂಬ ಕಿಮೊ ಔಷಧಿ ಪಡೆದವರಲ್ಲಿ, ತಡೆ ಔಷಧಿ ಇಲ್ಲದಿದ್ದರೆ, ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಕಕ್ಕುತ್ತಾರೆ. 1980ರ ದಶಕದಲ್ಲಿ ಮೆಟೊಕ್ಲೊಪ್ರಮೈಡ್ ಅನ್ನು ಭಾರೀ ಪ್ರಮಾಣದಲ್ಲಿ ಕೊಡುತ್ತಿದ್ದರು. ಅದು ಡೋಪಮೈನ್ ಎಂಬ ಮಿದುಳಿನ ರಸಾಯನಿಕವನ್ನು ತಡೆಯುವ ಔಷಧಿ; ಕೆಲವರ ಕತ್ತು ಒಂದು ಕಡೆ ತಿರುಚಿ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುತ್ತಿತ್ತು. (ಈಗಲೂ ಉಲ್ಟಿಗೆ ಈ ಸೂಜಿ ಹಾಕಿಸಿಕೊಂಡ ಹರೆಯದವರಲ್ಲಿ ಇದು ಕಾಣುತ್ತದೆ. ಮನೆಯವರು ಗಾಳಿ ಸೋಕಿತು ಅಂತ ಹೆದರಬಾರದು, ಬಿಡಿಸುವ ಸೂಜಿ ಇದೆ.) ಭಾರೀ ಪ್ರಮಾಣದಲ್ಲಿ ಮಾತ್ರ ಅದು ಹೆಚ್ಚು ಹಿಡಿಯುತ್ತಿದ್ದುದು ಯಾಕೆಂದು ಹುಡುಕಿದಾಗ, ಆ ಮಟ್ಟದಲ್ಲಿ ಅದು 5-ಎಚ್‌ಟಿ3 ಬಾಗಿಲನ್ನೂ ಮುಚ್ಚುತ್ತದೆಂದು ಗೊತ್ತಾಯಿತು. ಹಾಗಾದರೆ ಆ ಬಾಗಿಲೊಂದನ್ನೇ ಮುಚ್ಚೋಣ ಎಂದು ಹೊರಟದ್ದರ ಫಲ 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂಡನ್ಸೆಟ್ರಾನ್. ಇವತ್ತು ಕಲಬುರಗಿಯ ಕಿದ್ವಾಯಿ ಕೇಂದ್ರವಿರಲಿ, ಬೇರೆಡೆ ಇರಲಿ, ಕಿಮೊ ಶುರುವಾಗುವ ಅರ್ಧ ತಾಸು ಮೊದಲು ಈ ಗುಂಪಿನ ಔಷಧಿ ಹೋಗುವುದು ರೂಢಿ. ಮೊದಲ ದಿನದ ಉಲ್ಟಿ ಸೆರೊಟೋನಿನ್‌ನದು. ಎರಡನೇ ದಿನದಿಂದ ಬರುವುದು ಬಹುಪಾಲು ಸಬ್‌ಸ್ಟನ್ಸ್ ಪಿ ಎಂಬ ಬೇರೆ ರಸಾಯನಿಕದ ದಾರಿ. ಅದಕ್ಕೆ ಅಪ್ರೆಪಿಟೆಂಟ್‌ನಂಥ ಬೇರೆ ಬೀಗ ಬೇಕು.

ಉಗಾದಿ ಹೊತ್ತಿಗೆ ಶ್ರೀಶೈಲದ ಘಾಟಿನಲ್ಲಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟವರಿಗೆ ಈ ಗುಳಿಗೆ ಕೊಟ್ಟು ಪ್ರಯೋಜನ ಅಷ್ಟಕ್ಕಷ್ಟೇ. ಅಲ್ಲಿ ಉಲ್ಟಿ ಹೊರಡುವುದು ಒಳಗಿವಿಯಿಂದ, ಬೇರೆ ರಸಾಯನಿಕಗಳಾದ ಹಿಸ್ಟಮೈನ್ ಮತ್ತು ಅಸಿಟೈಲ್‌ಕೋಲಿನ್‌ನ ದಾರಿಯಲ್ಲಿ. ಆ ದಾರಿಯನ್ನು ತಡೆಯುವ ಪ್ರೊಮೆಥಜೀನ್ ಗುಳಿಗೆಯನ್ನು ಬಸ್ಸು ಹತ್ತುವ ಒಂದೆರಡು ತಾಸು ಮೊದಲೇ ನುಂಗಬೇಕು. ತಿರುವು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬೀಳುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಅದು ಬೇಡವೇ ಬೇಡ. ನಮ್ಮ ಕಡೆ “ಅಲ್ಲ” ಎನ್ನುವ ಹಸಿಶುಂಠಿಯ ಖಾರದ ಅಂಶಗಳು ಪ್ರಯೋಗಶಾಲೆಯಲ್ಲಿ 5-ಎಚ್‌ಟಿ3 ಬಾಗಿಲನ್ನು ಒಂದಿಷ್ಟು ತಡೆಯುತ್ತವೆ. ಹಿರಿಯರು ಹಸಿಶುಂಠಿಯ ಚಹಾ ಕೊಡುವುದರಲ್ಲಿ ಏನೋ ಇದೆ, ಆದರೆ ಗುಳಿಗೆಯ ಬಲ ಅದಕ್ಕಿಲ್ಲ.

ಇದೇ ಬಾಗಿಲು ಕರುಳಿನ ಗೋಡೆಯೊಳಗಿನ ನರಗಳಲ್ಲೂ ಇದ್ದು, ಕರುಳನ್ನು ಮುಂದೆ ತಳ್ಳಲು ನೆರವಾಗುತ್ತದೆ. ಆದ್ದರಿಂದಲೇ ಒಂಡನ್ಸೆಟ್ರಾನ್ ನಾಲ್ಕು ದಿನ ತಿಂದವರಿಗೆ ಮಲಬದ್ಧತೆ. ಈ ದೋಷವನ್ನೇ ಗುಣ ಮಾಡಿಕೊಂಡು, ಮುಂಜಾನೆ ನಾಲ್ಕೈದು ಸಲ ಸಂಡಾಸಿಗೆ ಓಡುವ ಐಬಿಎಸ್ (ಕರುಳು ಸದಾ ಕೆರಳುವ ಕಾಯಿಲೆ) ರೋಗಿಗಳಿಗೆಂದು ಅಲೋಸೆಟ್ರಾನ್ ತಂದರು. 2000ದ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ, ಅದೇ ನವೆಂಬರಿನಲ್ಲಿ ವಾಪಸು. ಕೆಲವರ ದೊಡ್ಡ ಕರುಳಿಗೆ ರಕ್ತ ಸಾಲದೆ ಉರಿಯೂತ, ಇನ್ನು ಕೆಲವರಿಗೆ ಕರುಳು ಒಡೆಯುವಷ್ಟು ಮಲ ಕಟ್ಟಿಕೊಂಡು ಆಪರೇಷನ್, ಸಾವುಗಳೂ ಆದವು. ಇನ್ನೇನೂ ಹಿಡಿಯದ ರೋಗಿಗಳೇ ಕೇಳಿದ್ದರಿಂದ 2002ರಲ್ಲಿ ಕಡಿಮೆ ಪ್ರಮಾಣದಲ್ಲಿ, ಹತ್ತಾರು ಷರತ್ತುಗಳೊಂದಿಗೆ ಮರಳಿತು. ಈಗ ಅದೇ ಕೆಲಸಕ್ಕೆ ಕೆಲವು ತಜ್ಞರು ಒಂಡನ್ಸೆಟ್ರಾನ್ ಅನ್ನೇ ದಿನಕ್ಕೆ 4 ಮಿಲಿಗ್ರಾಂನಿಂದ ಶುರುಮಾಡಿ, ಮಲದ ಗಟ್ಟಿತನ ನೋಡಿಕೊಂಡು ಏರಿಸುತ್ತಾ ಇಳಿಸುತ್ತಾ ಹೋಗುತ್ತಾರೆ. ಎರಡು ದಿನ ಸಂಡಾಸ ಆಗದಿದ್ದರೆ ಪ್ರಮಾಣ ಇಳಿಸಬೇಕು. ಹೊಸದಾಗಿ ಜೋರು ಹೊಟ್ಟೆನೋವು ಬಂದರೆ, ರಕ್ತ ಕಂಡರೆ ಅದೇ ಹೊತ್ತಿಗೆ ಗುಳಿಗೆ ನಿಲ್ಲಿಸಿ ದವಾಖಾನೆಗೆ ಹೋಗಬೇಕು.