ಡೀಸೆಲ್‌ಗೆ ಬೆರೆಸಿದ ಸೀರಿಯಂ ಎಲ್ಲಿಗೆ ಹೋಗುತ್ತದೆ?

ತೊಂಬತ್ತರ ದಶಕದಲ್ಲಿ ಗಾಡಿ ಓಡಿಸಿದವರಿಗೆ ಪೆಟ್ರೋಲ್ ಬಂಕ್‌ಗಳ ‘ಅನ್‌ಲೆಡೆಡ್’ (ಸೀಸರಹಿತ) ಫಲಕ ನೆನಪಿರಬಹುದು. ಎಂಜಿನ್ನಿನ ಬಡಿತ ತಪ್ಪಿಸಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಉಪಾಯವನ್ನು 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಕಂಡುಕೊಂಡರು. 1924ರಲ್ಲೇ ನ್ಯೂಜೆರ್ಸಿಯ ಘಟಕವೊಂದರಲ್ಲಿ ಅದರ ವಿಷಕ್ಕೆ ಕಾರ್ಮಿಕರು ಸತ್ತರು. ಕೆಲಕಾಲ ನಿಂತಿದ್ದ ಮಾರಾಟ ಮತ್ತೆ ಶುರುವಾಯಿತು. ಭಾರತ ಅದನ್ನು ಕೈಬಿಟ್ಟದ್ದು 2000ದಲ್ಲಿ, ಎಲ್ಲರಿಗಿಂತ ಕೊನೆಗೆ ಅಲ್ಜೀರಿಯಾ 2021ರಲ್ಲಿ. ಇಂಧನಕ್ಕೆ ನ್ಯಾನೋ ಕಣ ಬೆರೆಸುವ ಸುದ್ದಿ ಓದಿದಾಗಲೆಲ್ಲ ನನಗೆ ಈ ನೂರು ವರ್ಷ ನೆನಪಾಗುತ್ತದೆ.

ಈ ಬಾರಿಯ ಲೋಹ ಸೀರಿಯಂ. ಕೇರಳ, ತಮಿಳುನಾಡಿನ ಕಡಲತೀರದ ಮರಳಿನಲ್ಲಿರುವ ಮೊನಜೈಟ್ ಎಂಬ ಖನಿಜದಲ್ಲೂ ಅದು ಇದೆ. ಸೀರಿಯಂ ಆಕ್ಸೈಡ್ ಆಮ್ಲಜನಕವನ್ನು ಸಲೀಸಾಗಿ ಬಿಟ್ಟುಕೊಡುತ್ತದೆ, ಅಷ್ಟೇ ಸಲೀಸಾಗಿ ಮರಳಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಅದು ಬೆರೆತ ಡೀಸೆಲ್ ಮಸಿ ಕಡಿಮೆ ಬಿಸಿಯಲ್ಲೇ ಉರಿದುಹೋಗುತ್ತದೆ. ಕಣ ಚಿಕ್ಕದಾದಷ್ಟೂ ಅದೇ ತೂಕಕ್ಕೆ ಮೇಲ್ಮೈ ಹೆಚ್ಚು, ಆದ್ದರಿಂದ ಹತ್ತು ಲಕ್ಷ ಪಾಲು ಡೀಸೆಲ್‌ಗೆ ಕೆಲವೇ ಪಾಲು ಸಾಕು.

2000ದಲ್ಲಿ ಫ್ರಾನ್ಸಿನ ಪ್ಯೂಜೋ 607 ಕಾರು ಸೀರಿಯಂ ಮಿಶ್ರಣಕ್ಕೆಂದೇ ಬೇರೆ ಟ್ಯಾಂಕ್ ಇಟ್ಟುಕೊಂಡು ಬಂತು. ಅದರ ಹೊಗೆ ಕೊಳವೆಯಲ್ಲಿ ಫಿಲ್ಟರ್ ಇತ್ತು. ಮಸಿ ಅಲ್ಲೇ ಸುಡುತ್ತಿತ್ತು, ಸೀರಿಯಂ ಬೂದಿಯಾಗಿ ಅಲ್ಲೇ ಉಳಿಯುತ್ತಿತ್ತು. ನನ್ನ ಮಟ್ಟಿಗೆ ಸರಿಯಾದ ಕ್ರಮ ಇದೇ. ಬ್ರಿಟನ್ನಿನಲ್ಲಿ ಆಕ್ಸೋನಿಕಾ ಕಂಪನಿಯ ‘ಎನ್ವಿರಾಕ್ಸ್’ ದಾರಿ ಬೇರೆ. ಸುಮಾರು 10 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಗಾತ್ರದ ಕಣಗಳನ್ನು ನೇರ ಡೀಸೆಲ್‌ಗೇ ಬೆರೆಸಿ, ಸ್ಟೇಜ್‌ಕೋಚ್ ಬಸ್ಸುಗಳಲ್ಲಿ ಬಳಸಿದರು. ಇಂಧನ ಉಳಿತಾಯವೇ ಅದರ ಆಕರ್ಷಣೆ. ಆದರೆ ಫಿಲ್ಟರ್ ಇಲ್ಲದ ಬಸ್ಸಿನಲ್ಲಿ ಸೀರಿಯಂ ಹೋಗುವುದು ಬೀದಿಯ ಗಾಳಿಗೆ.

ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2001ರಲ್ಲೇ ಇದನ್ನು ಪರಿಶೀಲಿಸಿತ್ತು. ಸಿಕ್ಕಷ್ಟು ಮಾಹಿತಿಯಲ್ಲಿ ವಿಷಗುಣ ಕಡಿಮೆ ಎಂದೇ ಕಾಣುತ್ತದೆ, ಆದರೆ ಪೂರ್ತಿ ತೀರ್ಮಾನಕ್ಕೆ ಆ ಮಾಹಿತಿ ಸಾಲದು ಎಂದಿತು. ತಯಾರಿಸಿದ ನ್ಯಾನೋ ಕಣಗಳನ್ನು ಆದಷ್ಟು ಪರಿಸರಕ್ಕೆ ಬಿಡಬೇಡಿ ಎಂದು 2004ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಹೇಳಿತು.

ಇಂಥ ಕಣವನ್ನು ತೂಕದಲ್ಲಿ ಹಿಡಿಯಲಾಗದು, ಎಣಿಸಬೇಕು. ನಮ್ಮಲ್ಲಿ 2020ರಲ್ಲಿ ಬಂದ ಬಿಎಸ್-6 ಎಂಬ ವಾಹನ ಮಾಲಿನ್ಯ ನಿಯಮ ಡೀಸೆಲ್ ಕಾರಿನ ಹೊಗೆಯ ಕಣಗಳನ್ನು ಎಣಿಸುತ್ತದೆ, ಆದರೆ ಸುಮಾರು 23 ನ್ಯಾನೋಮೀಟರ್‌ಗಿಂತ ದೊಡ್ಡವನ್ನು ಮಾತ್ರ. ಯುರೋಪ್ 2024ರಲ್ಲಿ ಒಪ್ಪಿದ ಯೂರೋ-7 ನಿಯಮದಲ್ಲಿ ಆ ಗೆರೆಯನ್ನು 10ಕ್ಕೆ ಇಳಿಸಿದೆ.