ಪದ ಪರಿಚಯ: ಭೂಬಳಕೆ

ಹಾಸನದಲ್ಲಿ ಸೈಟು ಕೊಳ್ಳುವವರು ಮೊದಲು ಕೇಳುವುದು "ಕನ್ವರ್ಷನ್ ಆಗಿದೆಯಾ?" ಅಂತ. ರಾಗಿ ಬೆಳೆಯುತ್ತಿದ್ದ ಹೊಲ ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬದಲಾಗುವುದೇ ಕನ್ವರ್ಷನ್. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಇರುವುದು ಇದಕ್ಕೇ. ಆದರೆ ಕನ್ವರ್ಷನ್ ಆದೇಶದಲ್ಲಿ ಇನ್ನೊಂದು ಮಾತಿರುತ್ತದೆ, ಅದನ್ನು ಓದುವವರು ಕಡಿಮೆ. ಯಾವುದಕ್ಕೆ ಬದಲಾಗಿದೆ? ವಾಸಕ್ಕಾ, ವ್ಯಾಪಾರಕ್ಕಾ, ಕೈಗಾರಿಕೆಗಾ? ಈ 'ಯಾವುದಕ್ಕೆ' ಎನ್ನುವುದೇ ಭೂಬಳಕೆ.

ಇಡೀ ಊರಿನ ಭೂಬಳಕೆ ಮಾಸ್ಟರ್ ಪ್ಲಾನ್‌ನಲ್ಲಿರುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ ಪ್ರಕಾರ ಊರನ್ನು ವಲಯಗಳಾಗಿ ಹಂಚುತ್ತಾರೆ. ನಕ್ಷೆಯಲ್ಲಿ ವಾಸಕ್ಕೆ ಹಳದಿ ಬಣ್ಣ, ವ್ಯಾಪಾರಕ್ಕೆ ನೀಲಿ. ಇಲ್ಲಿ ಅದನ್ನು ನೋಡಬೇಕೆಂದರೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಅಂದರೆ ಜನ ಕರೆಯುವ 'ಹುಡಾ'ಕ್ಕೆ ಹೋಗಬೇಕು.

ನಮ್ಮ ಅತ್ತಿಗೆಯ ಮನೆ ಇರುವುದು ಹಳದಿ ಜಾಗದಲ್ಲಿ. ಗುರುತಿನವರಿಗೆ ಚಕ್ಕುಲಿ, ಕೋಡುಬಳೆ ಮಾಡಿಕೊಡುತ್ತಿದ್ದಾಗ ಯಾರೂ ತಕರಾರು ಮಾಡಲಿಲ್ಲ. ಆಮೇಲೆ ದೊಡ್ಡ ಬಾಣಲೆ ಬಂತು, ಕಮರ್ಷಿಯಲ್ ಸಿಲಿಂಡರ್ ಬಂತು, ಕೆಲಸಕ್ಕೆ ಇಬ್ಬರು ಬಂದರು, ಸಂಜೆ ಗೇಟಿನ ಮುಂದೆ ಡಬ್ಬ ತುಂಬಿಕೊಳ್ಳುವ ಆಟೋ ನಿಂತಿತು. ಒಂದು ದಿನ ಪಕ್ಕದ ಮನೆಯವರು ಬಂದು, "ಒಣಗಿ ಹಾಕಿದ ಬಟ್ಟೆಯೆಲ್ಲ ಎಣ್ಣೆ ವಾಸನೆ ಹೊಡೀತಿದೆ ಅಕ್ಕ" ಅಂದರು. ಅತ್ತಿಗೆ ಒಳಗೆ ಹೋಗಿ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ಪ್ರಾಧಿಕಾರದ, ನೋಂದಣಿ ಪತ್ರ ತಂದು ತೋರಿಸಿದರು: "ನೋಡಿ, ಲೈಸೆನ್ಸ್ ಇದೆ!"

ಎಡವಟ್ಟಾಗುವುದು ಇಲ್ಲೇ. ಆ ಪತ್ರ 2006ರ ಆಹಾರ ಸುರಕ್ಷತೆ ಕಾಯ್ದೆಯದು. 2011ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ವಹಿವಾಟಿಗೆ ಬರೀ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ ಅಂತಿತ್ತು. ಅದು ತಿಂಡಿ ಶುಚಿಯಾಗಿದೆಯಾ ಅಂತ ನೋಡುತ್ತದೆ, ಬೀದಿ ಯಾವ ವಲಯದ್ದು ಅಂತ ಅಲ್ಲ. ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಮತ್ತೊಂದೇ ಕಾಗದ. ಒಂದು ಇದ್ದರೆ ಇನ್ನೊಂದು ಇದ್ದಂಗೆ ಅಲ್ಲ.

ಹಾಗಂತ ಮನೆಯಲ್ಲಿ ಮಾಡಿ ಮಾರುವುದೇ ತಪ್ಪು ಅಂತಲ್ಲ. ವಾಸದ ವಲಯದಲ್ಲೂ ಮನೆಯ ಜೊತೆಗೆ ಏನೇನು ನಡೆಸಬಹುದು ಅಂತ ವಲಯ ನಿಯಮಗಳಲ್ಲಿ ಬರೆದಿರುತ್ತದೆ. ಮನೆ ಮನೆಯಾಗಿಯೇ ಉಳಿದಿದೆಯಾ, ಇಲ್ಲ ಕಾರ್ಖಾನೆಯ ಮೂಲೆಯಲ್ಲಿ ಒಂದು ಮಂಚ ಉಳಿದಿದೆಯಾ ಅನ್ನುವುದು ಪ್ರಶ್ನೆ. ನನ್ನ ಕೇಳಿದರೆ, ಅಡುಗೆಮನೆಯ ವ್ಯಾಪಾರಕ್ಕೆ ಈ ಗೆರೆಯನ್ನು ಇನ್ನೂ ಸ್ಪಷ್ಟವಾಗಿ ಎಳೆಯಬೇಕಿತ್ತು.

ಅತ್ತಿಗೆ ಕೊನೆಗೆ ಕರಿಯುವ ಕೆಲಸವನ್ನು ಪೇಟೆಯ ಬಾಡಿಗೆ ಮಳಿಗೆಗೆ ಸಾಗಿಸಿದರು. ಮನೆಯಲ್ಲಿ ಈಗ ಹುರಿಹಿಟ್ಟು, ಚಟ್ನಿಪುಡಿ ಅಷ್ಟೇ. ಮೆಣಸಿನಕಾಯಿ ಹುರಿಯುವ ದಿನ ಮಾತ್ರ ಪಕ್ಕದ ಮನೆಗೆ ಮೊದಲೇ ಹೇಳಿ ಬರುತ್ತಾರೆ.