ಟ್ರಯಾಥ್ಲಾನ್ ಪ್ರೊ ಆಗಬೇಕಾ? ಮೊದಲು ನೀರಿನ ಲೆಕ್ಕ ನೋಡಿ

ಟ್ರಯಾಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮುಗಿಸುವ ರೇಸ್. ನನ್ನ ಹತ್ತಿರ ಇದರ ಕೋಚಿಂಗ್‌ಗೆ ಬರುವವರಲ್ಲಿ ಮೂವತ್ತರ ಆಸುಪಾಸಿನ ಐಟಿ ಮಂದಿಯೇ ಜಾಸ್ತಿ. ಗೋವಾದಲ್ಲಿ ಹಾಫ್ ಐರನ್‌ಮ್ಯಾನ್ (ಐರನ್‌ಮ್ಯಾನ್ ಅನ್ನುವ ಉದ್ದದ ಟ್ರಯಾಥ್ಲಾನ್‌ನ ಅರ್ಧ ದೂರದ ರೇಸ್) ಮುಗಿಸಿ ಕೊರಳಿಗೆ ಮೆಡಲ್ ಬಿದ್ದ ಮೇಲೆ ಕೆಲವರು ಮೆಲ್ಲಗೆ ಕೇಳುತ್ತಾರೆ, "ಸರ್, ಕೆಲಸ ಬಿಟ್ಟು ಪೂರ್ತಿ ಇದಕ್ಕೇ ನಿಂತರೆ ಪ್ರೊ ಆಗಬಹುದಾ?" ಅವರು ಎಷ್ಟು ವೇಗವಾಗಿ ಓಡುತ್ತಾರೆ ಅಂತ ನಾನು ಆಮೇಲೆ ನೋಡುತ್ತೇನೆ. ಮೊದಲು ಕೇಳುವುದು ಒಂದೇ: ಹತ್ತು ಹನ್ನೆರಡನೇ ವಯಸ್ಸಿನಲ್ಲಿ ಈಜುತ್ತಿದ್ದಿರಾ?

ಒಲಿಂಪಿಕ್ಸ್‌ಗೆ ಈ ಆಟ ಬಂದದ್ದು 2000ದಲ್ಲಿ, ಸಿಡ್ನಿಯಲ್ಲಿ. 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಸಮಯದಲ್ಲಿ ಈಜಿನ ಪಾಲು ಎಲ್ಲಕ್ಕಿಂತ ಕಡಿಮೆ, ಹಾಗಾಗಿ ಅದು ಅಷ್ಟು ಮುಖ್ಯವಲ್ಲ ಅಂತ ಅನಿಸುತ್ತದೆ. ಆದರೆ ಇಲ್ಲಿ ಸೈಕಲ್ ಹೊಡೆಯುವಾಗ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗಬಹುದು. ಮುಂದಿನವನು ಗಾಳಿ ತಡೆಯುತ್ತಾನೆ, ಹಿಂದಿನವನ ಶಕ್ತಿ ಉಳಿಯುತ್ತದೆ. ನೀರಿನಿಂದ ಒಂದು ನಿಮಿಷ ತಡವಾಗಿ ಎದ್ದರೆ ಆ ಗುಂಪು ಹೋಗೇ ಹೋಯ್ತು, ನೀವು ಒಬ್ಬರೇ ಗಾಳಿಗೆ ಎದೆ ಕೊಟ್ಟು ತುಳಿಯಬೇಕು. ಸೈಕಲ್‌ನಲ್ಲಿ ಮುಂಚೂಣಿಯವರು ಒಂದು ಸುತ್ತು ಜಾಸ್ತಿ ಮುಗಿಸಿ ನಿಮ್ಮನ್ನು ಹಿಡಿದುಬಿಟ್ಟರೆ ಮುಗಿಯಿತು, ನಿಮ್ಮನ್ನು ರೇಸ್‌ನಿಂದಲೇ ಹೊರಗೆ ಕಳಿಸುತ್ತಾರೆ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಲಿಸ್ಟೇರ್ ಬ್ರೌನ್ಲಿ ಚಿನ್ನ ಗೆದ್ದಾಗ ಎಲ್ಲರೂ ಅವರ 29 ನಿಮಿಷದ ಓಟದ ಬಗ್ಗೆಯೇ ಮಾತಾಡಿದರು. ಆದರೆ ಅದಕ್ಕೂ ಮೊದಲು ಅವರು ಸುಮಾರು 17 ನಿಮಿಷಕ್ಕೆ ಈಜು ಮುಗಿಸಿ ಮುಂದಿನ ಗುಂಪಿನಲ್ಲೇ ಇದ್ದರು. ಇಪ್ಪತ್ತೆಂಟನೇ ವಯಸ್ಸಿಗೆ ಈಜು ಕಲಿತವರನ್ನು ನಾನು ಎಷ್ಟೇ ತಿದ್ದಿದರೂ ಅದೇ ದೂರಕ್ಕೆ 24-25 ನಿಮಿಷಕ್ಕೆ ತರುವಷ್ಟರಲ್ಲಿ ಸಾಕಾಗುತ್ತದೆ. ಭುಜ ಮತ್ತು ಪಾದದ ಕೀಲು ಸಡಿಲವಾಗಿರುವುದು, ನೀರನ್ನು ಅಂಗೈಯಲ್ಲಿ ಹಿಡಿಯುವ ಅಂದಾಜು, ಇವೆಲ್ಲ ಚಿಕ್ಕಂದಿನಲ್ಲಿ ಬಂದಷ್ಟು ಸುಲಭವಾಗಿ ಆಮೇಲೆ ಬರುವುದಿಲ್ಲ.

ಉದ್ದದ ರೇಸ್ ಬೇರೆ. ಐರನ್‌ಮ್ಯಾನ್‌ನಲ್ಲಿ 3.8 ಕಿಲೋಮೀಟರ್ ಈಜು, 180 ಸೈಕಲ್, ಆಮೇಲೆ ಪೂರ್ತಿ ಮ್ಯಾರಥಾನ್. ಒಬ್ಬರ ಹಿಂದೆ ಅಂಟಿಕೊಂಡು ಹೋಗುವ ಹಾಗಿಲ್ಲ, ಅಂತರ ಬಿಡಲೇಬೇಕು. ನೀರಿನಲ್ಲಿ ಕಳೆದದ್ದನ್ನು ರಸ್ತೆಯಲ್ಲಿ ಸ್ವಲ್ಪಮಟ್ಟಿಗೆ ವಾಪಸ್ ತರಬಹುದು. ಇದನ್ನು ಹೇಳಿದ ತಕ್ಷಣ ಎಲ್ಲರೂ ಕ್ರಿಸ್ಸಿ ವೆಲಿಂಗ್ಟನ್ ಹೆಸರು ತೆಗೆಯುತ್ತಾರೆ. ಬ್ರಿಟನ್ನಿನ ಸರ್ಕಾರಿ ನೌಕರಿಯಲ್ಲಿದ್ದವರು, 2007ರಲ್ಲಿ ಪ್ರೊ ಆದಾಗ ವಯಸ್ಸು ಮೂವತ್ತು, ಅದೇ ವರ್ಷ ಹವಾಯಿಯ ಕೋನಾದಲ್ಲಿ ವಿಶ್ವ ಚಾಂಪಿಯನ್, ಒಟ್ಟು ನಾಲ್ಕು ಸಲ. ನಿಜ. ಆದರೆ ಆಕೆ ಚಿಕ್ಕಂದಿನಿಂದ ಈಜಿದವರು, ಯೂನಿವರ್ಸಿಟಿ ತಂಡಕ್ಕೂ ಈಜಿದವರು. ಆ ಭಾಗವನ್ನು ಯಾರೂ ಹೇಳುವುದಿಲ್ಲ!

ದುಡ್ಡಿನ ವಿಷಯವೂ ಹೇಳಿಬಿಡುತ್ತೇನೆ. ಕೋನಾದಲ್ಲಿ ಗೆದ್ದವರಿಗೆ 1,25,000 ಡಾಲರ್, ಕೇಳೋಕೆ ಚೆನ್ನಾಗಿದೆ. ಆದರೆ ಕೆಳಗಿಳಿಯುತ್ತಾ ಹೋದಂತೆ ಮೊತ್ತ ಸರ್ರನೆ ಕರಗುತ್ತದೆ, ಹದಿನೈದನೇ ಸ್ಥಾನದ ಆಚೆಗೆ ಏನೂ ಇಲ್ಲ. ಫ್ಲೈಟು, ಸೈಕಲ್ ಸಾಗಿಸುವ ಖರ್ಚು, ಕೋಚ್, ಫಿಸಿಯೋ ಎಲ್ಲ ಸ್ವಂತ ಜೇಬಿನಿಂದ. ಪೂರ್ತಿ ಐರನ್‌ಮ್ಯಾನ್ ಅಂದರೆ ವರ್ಷಕ್ಕೆ ಮೂರೋ ನಾಲ್ಕೋ ಓಡಬಹುದು, ಅಷ್ಟೆ. ದೇಹ ಕೈಕೊಟ್ಟರೆ ಪ್ರಾಯೋಜಕರೂ ದೂರ ಸರಿಯಬಹುದು. ಬೀಜಿಂಗ್ ಒಲಿಂಪಿಕ್ಸ್ ಚಿನ್ನ ಗೆದ್ದು, ಕೋನಾವನ್ನೂ ಮೂರು ಸಲ ಗೆದ್ದ ಜರ್ಮನಿಯ ಯಾನ್ ಫ್ರೊಡೆನೊ 2017ರಲ್ಲಿ ಅಲ್ಲೇ ಬೆನ್ನು ಹಿಡಿದುಕೊಂಡು ಮ್ಯಾರಥಾನ್‌ನಲ್ಲಿ ನಡೆಯಬೇಕಾಯಿತು, ಮರುವರ್ಷ ಮೂಳೆಯಲ್ಲಿ ಬಿರುಕು ಬಿಟ್ಟು ಕೋನಾ ಸ್ಪರ್ಧೆಗೇ ಇಳಿಯಲಿಲ್ಲ. ಅಂಥವರು ತಡೆದುಕೊಳ್ಳುತ್ತಾರೆ, ಇಎಂಐ ಕಟ್ಟುತ್ತಿರುವ ನನ್ನ ಹುಡುಗರಿಗೆ ಆಗಲ್ಲ. ಹಾಗಾಗಿ ಅವರಿಗೆ ನನ್ನ ಉತ್ತರ: ಕೆಲಸ ಇಟ್ಟುಕೊಳ್ಳಿ, ನಿಮ್ಮ ವಯಸ್ಸಿನ ವಿಭಾಗದಲ್ಲಿ ಚೆನ್ನಾಗಿ ಓಡಿ.

ನನಗೆ ಆಸೆ ಇರುವುದು ಬೇರೆ ಕಡೆ. ಬಸವನಗುಡಿಯಂಥ ಕಡೆ ಬೆಳಗ್ಗೆ ಐದಕ್ಕೇ ನೀರಿಗಿಳಿಯುವ ಮಕ್ಕಳಲ್ಲಿ ಎಷ್ಟೋ ಮಂದಿ ಪಿಯುಸಿ ಬಂದ ಕೂಡಲೇ ನಿಲ್ಲಿಸುತ್ತಾರೆ. ರಾಜ್ಯ ಮಟ್ಟದ ಫೈನಲ್‌ವರೆಗೆ ಬಂದು ಅಲ್ಲಿಗೇ ನಿಂತ, ಸ್ವಲ್ಪ ತೆಳ್ಳಗಿರುವ, ಸ್ಕೂಲ್ ಸ್ಪೋರ್ಟ್ಸ್ ಡೇಯಲ್ಲಿ ಓಟವನ್ನೂ ಗೆದ್ದ ಹುಡುಗಿ ಇದ್ದರೆ ಟ್ರಯಾಥ್ಲಾನ್‌ಗೆ ನನಗೆ ಬೇಕಾದವಳು ಅವಳೇ. "ಸೆಕೆಂಡ್ ಪಿಯುಸಿ ಮುಗೀಲಿ ಸರ್" ಅನ್ನುತ್ತಾರೆ ಅಪ್ಪ ಅಮ್ಮ, ಅಷ್ಟರಲ್ಲಿ ಅವಳು ಈಜುಕೊಳದ ದಾರಿಯನ್ನೇ ಮರೆತಿರುತ್ತಾಳೆ.

ಇಂಥ ಮಕ್ಕಳನ್ನು ಓಟಕ್ಕೆ ಹಚ್ಚುವ ಕೋಚ್‌ಗಳಿಗೆ ಒಂದು ಮಾತು. ಈಜುಗಾರರ ಹೃದಯ, ಶ್ವಾಸಕೋಶ ಗಟ್ಟಿ, ಆದರೆ ಮೂಳೆಗೆ ನೆಲದ ಪೆಟ್ಟಿನ ಅಭ್ಯಾಸವೇ ಇರುವುದಿಲ್ಲ. ಉಸಿರು ಸಾಲುತ್ತದೆ ಅಂತ ಮಕ್ಕಳು ಮೊದಲ ತಿಂಗಳೇ ಜೋರಾಗಿ ಓಡುತ್ತಾರೆ, ಮೂರನೇ ತಿಂಗಳಿಗೆ ಮೊಣಕಾಲ ಕೆಳಗೆ ಮುಂಭಾಗದ ಮೂಳೆ ನೋಯಲು ಶುರು. ಮೊದಲ ವರ್ಷ ವಾರಕ್ಕೆ ಮೂರು ಸಲ, ಮಣ್ಣಿನ ನೆಲದ ಮೇಲೆ, ಮಾತಾಡುತ್ತಾ ಓಡುವಷ್ಟು ನಿಧಾನವಾಗಿ ಓಡಿಸಿ. ಒಂದೇ ಜಾಗದಲ್ಲಿ ನೋವು ಅಂದರೆ ಆ ವಾರ ಓಟ ಬಂದ್, ಡಾಕ್ಟರಿಗೆ ತೋರಿಸಿ, ಸೈಕಲ್ ಮಾತ್ರ ಸಾಕು.